ಈ ಮಟ್ಟು ನಮ್ಮೂರಿನದೇ ಎಂದುಕೊಂಡಿದ್ದೆ

ಮಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಹೆಂಚಿನ ಮನೆಯಲ್ಲಿ ಪ್ರಾಟೆಸ್ಟೆಂಟ್ ಕುಟುಂಬವೊಂದು ಇತ್ತು. ಆ ಮನೆಯ ಹಿರಿಯರು ಶಾಲೆಯಿಂದ ನಿವೃತ್ತರಾದ ಅಧ್ಯಾಪಿಕೆ. ನನ್ನ ಅಮ್ಮನೂ ಸೇರಿದಂತೆ ಓಣಿಯವರೆಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಡಿಸೆಂಬರ್ ಮೂರನೆಯ ವಾರದ ಯಾವುದಾದರೊಂದು ರಾತ್ರಿ ಅವರ ಚರ್ಚಿನ ಹುಡುಗ ಹುಡುಗಿಯರು ಟಾರ್ಚು, ಹಾಡಿನ ಪುಸ್ತಕ ಮತ್ತು ಒಂದು ಗಿಟಾರು ಹಿಡಿದು, ಮನೆ ಮನೆಗೆ ಕ್ಯಾರಲ್ ಎಂಬ ಕ್ರಿಸ್‌ಮಸ್ ಹಾಡುಗಳನ್ನು ಹಾಡುತ್ತಾ ಅವರ ಅಂಗಳಕ್ಕೂ ಬರುತ್ತಿದ್ದರು. ಗಿಟಾರನ್ನು ಕಂಡ ಕೂಡಲೇ ಟೀಚರ್ ಮುಖ ಸಿಂಡರಿಸುತ್ತಿದ್ದರು. ದೇವರ ಹಾಡಿಗೆ ಅದು ತಕ್ಕ ವಾದ್ಯವಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಆದ್ದರಿಂದ ಒಳಗಿನಿಂದ ಹಾರ್ಮೋನಿಯಂ ತರಿಸಿ, ಜಗಲಿಯಲ್ಲಿ ಚಾಪೆ ಹಾಸಿ ಕುಳಿತು, ಹುಡುಗರ ಶ್ರುತಿ ಯಾವುದಿದ್ದರೂ ತಮ್ಮ ಶ್ರುತಿಯಲ್ಲಿಯೇ ನುಡಿಸತೊಡಗುತ್ತಿದ್ದರು. ಕಾಂಪೌಂಡ್ ಗೋಡೆಯ ಈಚೆ ನಿಂತು ಕೇಳುತ್ತಿದ್ದ ನನಗೆ, ಕನ್ನಡದಲ್ಲಿ ಒಂದು ಚರಣ, ತುಳುವಿನಲ್ಲಿ ಒಂದು ಚರಣ ಎಂಬಂತೆ ನಿಧಾನವಾಗಿ ಸಾಗುತ್ತಿದ್ದ ಒಂದು ಹಾಡು ಬಾಯಿಪಾಠವೇ ಆಗಿಹೋಗಿತ್ತು.

ಆ ಕಾಲದಲ್ಲಿ ನಾನು ಸಂಗೀತ ಪಾಠಕ್ಕೆ ಹೋಗುತ್ತಿದ್ದೆ. ಹೊಸದಾಗಿ ಸ್ವರ ಗುರುತಿಸಲು ಕಲಿತವರಿಗೆ ಇರುವ ಉತ್ಸಾಹದಲ್ಲಿ ಆ ಹಾಡನ್ನೂ ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೆ: ಪ ದ ಪ ಗ, ಪ ದ ಪ ಗ. ಸ್ವರಗಳು ಶಂಕರಾಭರಣದವು, ನಡೆ ತೊಟ್ಟಿಲು ತೂಗುವ ತಿಶ್ರ. ಯಕ್ಷಗಾನದ ಪ್ರಸಂಗ ಪುಸ್ತಕಗಳಲ್ಲಿ ಒಂದೇ ಮಟ್ಟಿಗೆ ಹತ್ತಾರು ಪದ್ಯಗಳು ಇರುವುದನ್ನು ಕಂಡಿದ್ದ ನಾನು, ಇದೂ ಕರಾವಳಿಯ ಯಾವುದೋ ಹಳೆಯ ಜೋಗುಳದ ಮಟ್ಟು, ಚರ್ಚಿನವರು ಅದನ್ನು ತಮ್ಮ ಹಾಡಿಗೆ ಎರವಲು ತಂದುಕೊಂಡಿದ್ದಾರೆ ಎಂದು ತೀರ್ಮಾನಿಸಿಬಿಟ್ಟಿದ್ದೆ. ಮುಂದೆ ಹಾಸ್ಟೆಲಿನಲ್ಲಿದ್ದಾಗ ಗೆಳೆಯನೊಬ್ಬ ಕ್ಯಾಸೆಟ್ಟಿನಲ್ಲಿ ಜರ್ಮನ್ ಬಾಲಕರ ಗಾಯನವನ್ನು ಕೇಳಿಸಿದಾಗ ನನಗೆ ಮೊದಲು ಆದದ್ದು ಸಂತೋಷವಲ್ಲ, ಕಸಿವಿಸಿ. ನಮ್ಮ ಟೀಚರ ಹಾಡನ್ನು ಇವರು ಯಾವಾಗ ಕಲಿತರು?

ಹಾಡು 'ಸೈಲೆಂಟ್ ನೈಟ್'. ಹುಟ್ಟಿದ ಭಾಷೆಯಲ್ಲಿ ಅದರ ಹೆಸರು 'ಶ್ಟಿಲೆ ನಾಖ್ಟ್'. ನನ್ನ ಆ ತಪ್ಪು ತಿಳಿವಳಿಕೆಯ ಬಗ್ಗೆ ಬಹಳ ಕಾಲ ನಾಚಿಕೊಂಡಿದ್ದೆ. ಆದರೆ ಕ್ರಿಸ್‌ಮಸ್ ಹಾಡುಗಳ ಚರಿತ್ರೆಯನ್ನು ಓದುತ್ತಾ ಹೋದಂತೆ, ಅದೇ ತಪ್ಪನ್ನು ನನಗಿಂತ ದೊಡ್ಡವರು, ಬರ್ಲಿನ್ನಿನ ರಾಜ ಸಂಗೀತಗಾರರು ಕೂಡ ಮಾಡಿದ್ದರೆಂದು ತಿಳಿದು ಸಮಾಧಾನವಾಯಿತು. ಅಷ್ಟೇ ಅಲ್ಲ, ಈ ಹಾಡುಗಳು ಇಷ್ಟು ಕಾಲ ಬಾಳಿರುವುದಕ್ಕೂ ಜನರು ಅವುಗಳ ಹುಟ್ಟನ್ನು ಮರೆತು ತಮ್ಮವೆಂದು ಭಾವಿಸಿದ್ದಕ್ಕೂ ನೇರ ಸಂಬಂಧವಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಬರೆದವರಿಗಿಂತ ಹೊತ್ತು ನಡೆದವರ ಋಣ ಈ ಹಾಡುಗಳ ಮೇಲೆ ಹೆಚ್ಚು.

ಆಸ್ಟ್ರಿಯಾದ ಸಾಲ್ಜ್‌ಬುರ್ಗ್ ನಗರಕ್ಕೆ ಹತ್ತಿರದಲ್ಲಿ, ಸಾಲ್ಜಾಖ್ ನದಿಯ ದಂಡೆಯ ಮೇಲೆ ಓಬರ್ನ್‌ಡೋರ್ಫ್ ಎಂಬ ಸಣ್ಣ ಊರಿದೆ. ಉಪ್ಪು ಸಾಗಿಸುವ ದೋಣಿಗಳೇ ಅದರ ಜೀವಾಳವಾಗಿದ್ದವು. ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ದೊರೆಗಳು ಗಡಿಗಳನ್ನು ಹೊಸದಾಗಿ ಎಳೆದಾಗ, 1816ರಲ್ಲಿ, ನದಿಯ ಆಚೆಗಿದ್ದ ಮೂಲ ಪಟ್ಟಣ ಲೌಫೆನ್ ಬವೇರಿಯಾದಲ್ಲಿ ಉಳಿಯಿತು, ಈಚೆಯ ಓಬರ್ನ್‌ಡೋರ್ಫ್ ಆಸ್ಟ್ರಿಯಾಕ್ಕೆ ಸೇರಿತು. ಒಂದೇ ಊರಿನ ಎರಡು ತುಂಡುಗಳ ನಡುವೆ ಹರಿಯುತ್ತಿದ್ದ ನದಿಯೇ ಗಡಿಯಾಯಿತು. ಅದೇ ವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ; ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಆಕಾಶಕ್ಕೆ ಎಸೆದ ಬೂದಿಯಿಂದಾಗಿ ಬಿಸಿಲು ಮಂಕಾಗಿ, ಬೆಳೆ ಕೆಟ್ಟು, ಹಸಿವು ಹರಡಿತ್ತು. ಯುದ್ಧ, ಗಡಿ, ಬರಗಾಲ ಇವು ಮೂರೂ ಒಟ್ಟಿಗೆ ಬಂದ ಆ ವರ್ಷದಲ್ಲಿ, ಮಾರಿಯಾಫಾರ್ ಎಂಬ ಬೆಟ್ಟದೂರಿನಲ್ಲಿ ಸಹಾಯಕ ಪಾದ್ರಿಯಾಗಿದ್ದ ಯೋಸೆಫ್ ಮೋರ್ ಎಂಬ ಇಪ್ಪತ್ತರ ಹರೆಯದ ಯುವಕ ಆರು ಚರಣಗಳ ಒಂದು ಕವಿತೆ ಬರೆದ.

ಮೋರ್‌ನ ಬದುಕು ಸುಲಭದ್ದಾಗಿರಲಿಲ್ಲ. ತಾಯಿ ಹೆಣಿಗೆಯಿಂದ ಹೊಟ್ಟೆ ಹೊರೆಯುತ್ತಿದ್ದ ಅವಿವಾಹಿತೆ, ತಂದೆ ಸೈನ್ಯ ಬಿಟ್ಟು ಓಡಿಹೋದ ಸಿಪಾಯಿ. ಮದುವೆಯ ಹೊರಗೆ ಹುಟ್ಟಿದ ಮಗನಾದ್ದರಿಂದ ಪಾದ್ರಿಯಾಗಲು ಆತ ಚರ್ಚಿನ ವಿಶೇಷ ಅನುಮತಿಯನ್ನೇ ಪಡೆಯಬೇಕಾಯಿತು. 1817ರಲ್ಲಿ ಆತನಿಗೆ ಓಬರ್ನ್‌ಡೋರ್ಫಿನ ಸಂತ ನಿಕೋಲಸ್ ಚರ್ಚಿಗೆ ವರ್ಗವಾಯಿತು. ಅಲ್ಲಿ ಆರ್ಗನ್ ನುಡಿಸುತ್ತಿದ್ದವನು ಪಕ್ಕದ ಆರ್ನ್ಸ್‌ಡೋರ್ಫ್ ಹಳ್ಳಿಯ ಶಾಲಾ ಮೇಷ್ಟ್ರು ಫ್ರಾನ್ಸ್ ಕ್ಸಾವರ್ ಗ್ರೂಬರ್, ಬಡ ನೇಕಾರರ ಮಗ. 1818ರ ಡಿಸೆಂಬರ್ 24ರಂದು ಮೋರ್ ತನ್ನ ಹಳೆಯ ಕವಿತೆಯನ್ನು ಗ್ರೂಬರನ ಕೈಗಿತ್ತು, ಇಬ್ಬರು ಹಾಡುವಂತೆ, ಮೇಳ ದನಿಗೂಡಿಸುವಂತೆ, ಗಿಟಾರಿನ ಜೊತೆಗೆ ಹೊಂದುವಂತೆ ಒಂದು ರಾಗ ಕಟ್ಟಿಕೊಡೆಂದು ಕೇಳಿದ. ಗ್ರೂಬರ್ ಅದೇ ಸಂಜೆ ಕಟ್ಟಿಕೊಟ್ಟ. ಅದೇ ರಾತ್ರಿ ದೋಣಿಕಾರರ ಆ ಚರ್ಚಿನಲ್ಲಿ ಮೋರ್ ಗಿಟಾರು ನುಡಿಸುತ್ತಾ ಮೇಲಿನ ದನಿಯನ್ನೂ ಗ್ರೂಬರ್ ಕೆಳದನಿಯನ್ನೂ ಹಾಡಿದರು, ಪ್ರತಿ ಚರಣದ ಕೊನೆಯ ಸಾಲುಗಳನ್ನು ಮೇಳದವರು ಮರುನುಡಿದರು.

ಆರ್ಗನ್ ಇದ್ದ ಚರ್ಚಿನಲ್ಲಿ ಗಿಟಾರೇಕೆ ಎಂಬ ಪ್ರಶ್ನೆಗೆ ಲೋಕಪ್ರಿಯ ಉತ್ತರವೊಂದಿದೆ: ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದುಹಾಕಿದ್ದವಂತೆ. ಮಕ್ಕಳ ಪುಸ್ತಕಗಳಲ್ಲಿ ಆ ಇಲಿಗಳ ಚಿತ್ರ ತಪ್ಪದೆ ಇರುತ್ತದೆ. ಆದರೆ ಗ್ರೂಬರ್ ತಾನೇ ಬರೆದಿಟ್ಟ ವೃತ್ತಾಂತದಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ. ಇರುವುದು ಗಿಟಾರಿಗೆ ಹೊಂದುವ ರಾಗ ಬೇಕೆಂದು ಮೋರ್ ಕೇಳಿದ ಎಂಬ ಒಂದೇ ಮಾತು. ನನಗೆ ಇಲಿಗಳ ಕಥೆಗಿಂತ ಈ ಸರಳ ಸಂಗತಿಯೇ ಹೆಚ್ಚು ಹಿಡಿಸುತ್ತದೆ. ಪಾದ್ರಿಗೆ ಗಿಟಾರು ಬರುತ್ತಿತ್ತು, ಅದರ ಮೇಲೆ ಪ್ರೀತಿಯಿತ್ತು, ಅಷ್ಟೇ.

ಆ ಊರಿನಲ್ಲಿ ಹುಟ್ಟಿ ಅಲ್ಲಿಯೇ ಅಳಿಯಬಹುದಾಗಿದ್ದ ಹಾಡು ಹೊರಗೆ ಹೋದದ್ದು ಕುಶಲಕರ್ಮಿಗಳ ಮತ್ತು ವ್ಯಾಪಾರಿಗಳ ಬಾಯಿಂದ. ಆಸ್ಟ್ರಿಯಾದ ಟಿರೋಲ್ ಪ್ರಾಂತದ ಸಿಲ್ಲರ್ಟಾಲ್ ಕಣಿವೆಯ ಕಾರ್ಲ್ ಮೌರಾಖರ್ ಎಂಬ ಆರ್ಗನ್ ಕಟ್ಟುವವನು ಕೆಲಸಕ್ಕೆಂದು ಓಬರ್ನ್‌ಡೋರ್ಫಿಗೆ ಬಂದವನು, ಹಾಡನ್ನೂ ತನ್ನ ಕಣಿವೆಗೆ ಕೊಂಡೊಯ್ದ. ಆ ಕಣಿವೆಯ ಜನ ಚಳಿಗಾಲದಲ್ಲಿ ಊರೂರು ತಿರುಗಿ ಸರಕು ಮಾರುತ್ತಿದ್ದರು. ಕೈಗವಸು ಮಾರುತ್ತಿದ್ದ ಸ್ಟ್ರಾಸರ್ ಕುಟುಂಬದ ಒಡಹುಟ್ಟಿದವರು 1830ರ ದಶಕದ ಆರಂಭದಲ್ಲಿ ಲೈಪ್‌ಜಿಗ್ ಪೇಟೆಗೆ ಹೋದಾಗ ಅಲ್ಲಿ ಇದನ್ನು ಹಾಡಿದರು. ಗಿರಾಕಿಗಳಿಗೆ ಕೈಗವಸಿಗಿಂತ ಹಾಡೇ ಹೆಚ್ಚು ಹಿಡಿಸಿತು. ಅದೇ ಸುಮಾರಿಗೆ ಡ್ರೆಸ್ಡೆನ್ನಿನ ಪ್ರಕಾಶಕನೊಬ್ಬ 'ನಾಲ್ಕು ಅಪ್ಪಟ ಟಿರೋಲ್ ಹಾಡುಗಳು' ಎಂಬ ಶೀರ್ಷಿಕೆಯಲ್ಲಿ ಇದನ್ನೂ ಸೇರಿಸಿ ಅಚ್ಚು ಹಾಕಿಸಿದ. ಬರೆದವರ ಹೆಸರಿರಲಿಲ್ಲ, ಹಾಡು ಟಿರೋಲಿನದೂ ಅಲ್ಲ. ಅದೇ ಕಣಿವೆಯ ಇನ್ನೊಂದು ಗಾಯಕ ಕುಟುಂಬ, ರೈನರರು, ಅಮೆರಿಕಕ್ಕೆ ಹೋಗಿ 1839ರಲ್ಲಿ ನ್ಯೂಯಾರ್ಕಿನ ಟ್ರಿನಿಟಿ ಚರ್ಚಿನ ಆವರಣದಲ್ಲಿ ಹಾಡಿದರು. ಹೀಗೆ ಇಪ್ಪತ್ತೊಂದು ವರ್ಷಗಳಲ್ಲಿ ಹಾಡು ಅಟ್ಲಾಂಟಿಕ್ ಸಾಗರವನ್ನು ದಾಟಿತು. ಕಟ್ಟಿದ ಇಬ್ಬರೂ ಆಗ ತಮ್ಮ ತಮ್ಮ ಊರಿನಲ್ಲಿಯೇ ಇದ್ದರು.

1854ರಲ್ಲಿ ಬರ್ಲಿನ್ನಿನ ರಾಜ ಸಂಗೀತ ಮಂದಿರದವರು ಸಾಲ್ಜ್‌ಬುರ್ಗಿನ ಸಂತ ಪೀಟರ್ ಮಠಕ್ಕೆ ಒಂದು ಪತ್ರ ಬರೆದರು. ಹೆಸರಾಂತ ಸಂಗೀತಕಾರ ಮಿಖಾಯೆಲ್ ಹೈಡನ್ ರಚಿಸಿದ ಈ ಹಾಡಿನ ಹಸ್ತಪ್ರತಿ ನಿಮ್ಮಲ್ಲಿ ಇದೆಯೇ ಎಂಬುದು ಅವರ ವಿಚಾರಣೆ. ಇಷ್ಟು ಚೆನ್ನಾದ ರಾಗ ಹಳ್ಳಿಯ ಮೇಷ್ಟ್ರೊಬ್ಬನದು ಎಂದು ಅವರಾದರೂ ಹೇಗೆ ಊಹಿಸಿಯಾರು? ಗ್ರೂಬರನ ಕಿರಿಯ ಮಗ ಆಗ ಅದೇ ಮಠದ ಬಾಲಗಾಯಕರಲ್ಲಿ ಒಬ್ಬನಾಗಿದ್ದುದರಿಂದ ಸುದ್ದಿ ತಂದೆಯ ಕಿವಿಗೆ ಬಿತ್ತು. ಅರವತ್ತೇಳು ವರ್ಷದ ಗ್ರೂಬರ್ ಡಿಸೆಂಬರ್ 30ರಂದು ಕುಳಿತು, ಹಾಡು ಹುಟ್ಟಿದ ದಿನದ ವೃತ್ತಾಂತವನ್ನು ಚುಟುಕಾಗಿ ಬರೆದು ಕಳುಹಿಸಿದ. ಈಗ ಪ್ರಚಾರದಲ್ಲಿರುವ ರಾಗ ತಾನು ಕಟ್ಟಿದ್ದಕ್ಕಿಂತ ಸ್ವಲ್ಪ ಬದಲಾಗಿದೆ ಎಂಬುದನ್ನೂ ಆತ ಗಮನಿಸಿದ್ದ. ಆ ಬದಲಾದ ರಾಗವನ್ನೇ ನಾವೆಲ್ಲರೂ ಇಂದಿಗೂ ಹಾಡುತ್ತಿದ್ದೇವೆ. ಮೋರ್ ಅಷ್ಟು ಹೊತ್ತಿಗೆ ತೀರಿಕೊಂಡು ಆರು ವರ್ಷವಾಗಿತ್ತು. ವಾಗ್ರೈನ್ ಎಂಬಲ್ಲಿ ಬಡಮಕ್ಕಳ ಶಾಲೆಗಾಗಿ ದುಡಿದು, ತಾನೂ ಬಡವನಾಗಿಯೇ ಸತ್ತಿದ್ದ. ಆತನ ಒಂದು ಚಿತ್ರವನ್ನೂ ಯಾರೂ ಬರೆದಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಸ್ಮಾರಕ ನಿರ್ಮಿಸಲು ಹೊರಟಾಗ ಮುಖಲಕ್ಷಣ ತಿಳಿಯದೆ, ಗೋರಿಯಿಂದ ತಲೆಬುರುಡೆಯನ್ನೇ ತೆಗೆದು, ಅದನ್ನು ನೋಡಿ ಶಿಲ್ಪ ಮಾಡಬೇಕಾಯಿತು. ಮೇಲಿಂದ ಮೇಲೆ ಬಂದ ನೆರೆಯಿಂದ ಹಾಳಾದ ಹಳೆಯ ಚರ್ಚನ್ನು ಕೆಡವಿ, ಅದೇ ಜಾಗದಲ್ಲಿ ಕಟ್ಟಿದ ಪುಟ್ಟ ಸ್ಮಾರಕ ಗುಡಿಯ ಗೋಡೆಯೊಳಗೆ ಆ ಬುರುಡೆ ಈಗಲೂ ಇದೆ. ಕವಿತೆ ಬರೆದದ್ದು 1818ರಲ್ಲಲ್ಲ, 1816ರಲ್ಲಿ ಎಂಬುದು ಸ್ಪಷ್ಟವಾದದ್ದಂತೂ 1995ರಲ್ಲಿ ಮೋರ್‌ನದೇ ಕೈಬರಹದ ಪ್ರತಿಯೊಂದು ಸಿಕ್ಕ ಮೇಲೆ.

ಈ ಪ್ರಯಾಣದಲ್ಲಿ ಕಳೆದುಹೋದದ್ದು ಕರ್ತೃಗಳ ಹೆಸರು ಮಾತ್ರವಲ್ಲ. ಆರು ಚರಣಗಳಲ್ಲಿ ಮೂರು ಉದುರಿದವು. ಟ್ರಿನಿಟಿ ಚರ್ಚಿನ ಪಾದ್ರಿ ಜಾನ್ ಫ್ರೀಮನ್ ಯಂಗ್ 1859ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ ಮೂಲದ ಒಂದನೆಯ, ಆರನೆಯ ಮತ್ತು ಎರಡನೆಯ ಚರಣಗಳನ್ನು ಆ ಕ್ರಮದಲ್ಲಿ ಆರಿಸಿಕೊಂಡದ್ದು. ಜಗತ್ತು ಹಾಡುವುದು ಬಹುಪಾಲು ಅದನ್ನೇ. ಬಿಟ್ಟುಹೋದದ್ದರಲ್ಲಿ ನಾಲ್ಕನೆಯ ಚರಣವಿದೆ, ಲೋಕದ ಎಲ್ಲ ಜನಾಂಗಗಳನ್ನೂ ಯೇಸು ಸೋದರನಂತೆ ತಬ್ಬಿಕೊಂಡನೆಂದು ಹೇಳುವ ಚರಣ. ಯುದ್ಧ ಮುಗಿದ ಮರುವರ್ಷ, ಗಡಿಗಳು ಬದಲಾಗುತ್ತಿದ್ದಾಗ ಬರೆದ ಕವಿತೆಯಲ್ಲಿ ಆ ಮಾತಿಗೆ ಎಷ್ಟು ತೂಕವಿತ್ತೆಂದು ಊಹಿಸಬಹುದು. ಚರಣ ಬಿದ್ದುಹೋದರೂ ಅದರ ಅರ್ಥ ಬೇರೆ ದಾರಿಯಿಂದ ಮರಳಿ ಬಂದದ್ದು ನನಗೆ ವಿಸ್ಮಯದ ಸಂಗತಿ. 1914ರ ಡಿಸೆಂಬರ್ 24ರ ರಾತ್ರಿ ಬೆಲ್ಜಿಯಂ ಮತ್ತು ಫ್ರಾನ್ಸಿನ ಗಡಿಯ ಕಂದಕಗಳಲ್ಲಿ ಜರ್ಮನ್ ಸೈನಿಕರು ಮೇಣದಬತ್ತಿ ಹಚ್ಚಿದ ಪುಟ್ಟ ಮರಗಳನ್ನು ಅಂಚಿನ ಮೇಲಿಟ್ಟು ಈ ಹಾಡನ್ನು ಹಾಡಿದರು. ಎದುರಿನ ಬ್ರಿಟಿಷ್ ಸೈನಿಕರು ತಮ್ಮ ಕ್ಯಾರಲ್‌ಗಳಿಂದ ಉತ್ತರ ಕೊಟ್ಟರು. ಒಂದು ಕಡೆಯವರು ಇಂಗ್ಲಿಷಿನಲ್ಲಿ 'ಓ ಕಮ್ ಆಲ್ ಯೀ ಫೇಯ್ತ್‌ಫುಲ್' ಎತ್ತಿಕೊಂಡಾಗ ಇನ್ನೊಂದು ಕಡೆಯವರು ಅದನ್ನೇ ಲ್ಯಾಟಿನ್ನಿನಲ್ಲಿ 'ಅದೆಸ್ತೆ ಫಿದೆಲೆಸ್' ಎಂದು ಸೇರಿಕೊಂಡರೆಂದು ಅಲ್ಲಿದ್ದ ಸೈನಿಕರು ಬರೆದಿಟ್ಟಿದ್ದಾರೆ. ಬೆಳಗಾದ ಮೇಲೆ ಹಲವು ಕಡೆ ಎರಡೂ ಪಕ್ಷದವರು ಕಂದಕದಿಂದ ಮೇಲೆದ್ದು ಕೈ ಕುಲುಕಿದರು, ನಡುವೆ ಬಿದ್ದಿದ್ದ ಹೆಣಗಳನ್ನು ಹೂಳಿದರು. ಇದರಿಂದ ಯುದ್ಧವೇನೂ ನಿಲ್ಲಲಿಲ್ಲ. ಮುಂದಿನ ವರ್ಷ ಅಧಿಕಾರಿಗಳು ಇಂಥದ್ದಕ್ಕೆ ಅವಕಾಶ ಕೊಡದಂತೆ ಎಚ್ಚರ ವಹಿಸಿದರು.

ರಾಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ಯಾರು ಬೇಕಾದರೂ ಹಾಡಬಹುದಾದ ಸುಲಭದ ಹಾಡೆಂದು ಎಲ್ಲರೂ ನಂಬಿದ್ದಾರೆ, ಹಾಡಲು ಹೊರಟಾಗ ಗೊತ್ತಾಗುವುದು ಬೇರೆ. ಮಧ್ಯಸ್ಥಾಯಿಯ ಷಡ್ಜದಿಂದ ತಾರಸ್ಥಾಯಿಯ ಮಧ್ಯಮದವರೆಗೆ, ಹನ್ನೊಂದು ಸ್ವರಗಳ ಏಣಿಯನ್ನು ಅದು ಏರಿ ಇಳಿಯುತ್ತದೆ. ಟೀಚರ ಅಂಗಳದಲ್ಲಿ ಪ್ರತಿವರ್ಷ ಕೊನೆಯ ಸಾಲಿನ ಆ ಎತ್ತರದಲ್ಲಿ ಅರ್ಧ ಹುಡುಗರ ದನಿ ಒಡೆಯುತ್ತಿತ್ತು, ತುದಿಯ ಷಡ್ಜಕ್ಕೆ ಇಳಿಯುವಷ್ಟರಲ್ಲಿ ಉಳಿದರ್ಧ ಜನರ ದನಿ ಹೂತುಹೋಗುತ್ತಿತ್ತು. ಆದರೂ ಯಾರೂ ಬಿಡುವುದಿಲ್ಲ, ಏಕೆಂದರೆ ಆರಂಭದ ನಾಲ್ಕು ಸ್ವರಗಳು ಅಷ್ಟು ನಿರಾಯಾಸವಾಗಿ ನಮ್ಮನ್ನು ಒಳಗೆ ಕರೆದುಕೊಂಡುಬಿಡುತ್ತವೆ. ದೊಡ್ಡ ವಾದ್ಯವೃಂದವಿಟ್ಟು, ಪ್ರತಿ ಚರಣಕ್ಕೂ ಶ್ರುತಿ ಏರಿಸಿ, ಗಂಟಲಿನ ಕಸರತ್ತು ತೋರಿಸುವ ಇತ್ತೀಚಿನ ಧ್ವನಿಮುದ್ರಣಗಳು ನನಗೆ ಸೇರುವುದಿಲ್ಲ. ಜೋಗುಳವನ್ನು ಯಾರಾದರೂ ಕಿರುಚಿ ಹಾಡುತ್ತಾರೆಯೇ?

ನಮ್ಮ ಹಳೆಯ ನಾಟಕ ಕಂಪನಿಗಳ ಹಾಡಿನ ಪುಸ್ತಕಗಳನ್ನು ನೋಡಿದವರಿಗೆ, ಹಾಡಿನ ತಲೆಯ ಮೇಲೆ 'ಇಂಥ ಹಾಡಿನ ಧಾಟಿ' ಎಂದು ಬರೆದಿರುವುದು ನೆನಪಿರಬಹುದು. ಮಾತು ಒಬ್ಬರದು, ಮಟ್ಟು ಇನ್ನೊಬ್ಬರದು ಎಂಬುದು ನಮಗೆ ಸಹಜ. ಇಂಗ್ಲಿಷ್ ಕ್ಯಾರಲ್‌ಗಳ ಕಥೆಯೂ ಹೆಚ್ಚುಕಡಿಮೆ ಇದೇ. ಅವು ಕೇಳಲು ಅನಾದಿಕಾಲದವೆಂಬಂತೆ ಇದ್ದರೂ ಇಂದಿನ ರೂಪದಲ್ಲಿ ಬಹುಪಾಲು 19ನೇ ಶತಮಾನದವು. ಅದಕ್ಕೂ ಹಿಂದೆ ಪ್ಯೂರಿಟನ್ ಮಡಿವಂತರು ಕ್ರಿಸ್‌ಮಸ್ ಆಚರಣೆಯನ್ನೇ ಅಡಗಿಸಲು ನೋಡಿದ್ದರು. ಇಂಗ್ಲೆಂಡಿನ ಸಂಸತ್ತು 1647ರಲ್ಲಿ ಹಬ್ಬವನ್ನು ರದ್ದುಮಾಡಿತು, ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತು 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ ಐದು ಶಿಲಿಂಗ್ ದಂಡ ವಿಧಿಸುವ ಕಾನೂನು ಇಟ್ಟುಕೊಂಡಿತ್ತು. ಅಳಿದುಳಿದ ಹಾಡುಗಳನ್ನು ಮುಂದೆ ವಿಕ್ಟೋರಿಯಾ ಕಾಲದವರು ಸಂಗ್ರಹಿಸಿದರು, ಇಲ್ಲದ ಕಡೆ ಹಳೆಯ ಮಟ್ಟಿಗೆ ಹೊಸ ಮಾತು ಹೊಂದಿಸಿದರು. ಹಿಮದಲ್ಲಿ ನಡೆದುಹೋಗುವ ರಾಜನ ಕಥೆ ಹೇಳುವ 'ಗುಡ್ ಕಿಂಗ್ ವೆನ್ಸೆಸ್ಲಾಸ್' ಹಾಡಿನ ಸಾಹಿತ್ಯವನ್ನು ಜಾನ್ ಮೇಸನ್ ನೀಲ್ 1853ರಲ್ಲಿ ಪ್ರಕಟಿಸಿದರು. ಮಟ್ಟು 1582ರ ಒಂದು ಸಂಗ್ರಹದ್ದು, ಅದು ಮೂಲದಲ್ಲಿ ವಸಂತ ಋತುವಿನ ಹಾಡು. ಹೂವಿನ ಹಾಡಿಗೆ ಹಿಮ ಸುರಿಯಿತು!

ಎರವಲು ಮಟ್ಟಿನ ಇನ್ನೂ ಸೊಗಸಾದ ಪ್ರಸಂಗ 'ಹಾರ್ಕ್! ದ ಹೆರಾಲ್ಡ್ ಏಂಜೆಲ್ಸ್ ಸಿಂಗ್' ಹಾಡಿನದು. 1739ರಲ್ಲಿ ಇದನ್ನು ಬರೆದ ಚಾರ್ಲ್ಸ್ ವೆಸ್ಲಿಗೆ ಇದನ್ನು ನಿಧಾನವಾಗಿ, ಗಂಭೀರವಾಗಿ ಹಾಡಬೇಕೆಂಬ ಮನಸ್ಸಿತ್ತು. ಅವರ ಮೊದಲ ಸಾಲನ್ನು ಸಹೋದ್ಯೋಗಿ ಜಾರ್ಜ್ ವೈಟ್‌ಫೀಲ್ಡ್ ಬದಲಾಯಿಸಿಬಿಟ್ಟರು. ನೂರು ವರ್ಷಗಳ ನಂತರ, 1840ರಲ್ಲಿ, ಮುದ್ರಣಕಲೆಯ ಗುಟೆನ್‌ಬರ್ಗನ ನೆನಪಿನ ಉತ್ಸವಕ್ಕಾಗಿ ಜರ್ಮನ್ ಸಂಗೀತಕಾರ ಮೆಂಡೆಲ್ಸನ್ ಗಂಡಸರ ಮೇಳವೂ ಹಿತ್ತಾಳೆಯ ವಾದ್ಯಗಳೂ ಕೂಡಿದ ಕೃತಿಯೊಂದನ್ನು ರಚಿಸಿದರು. ಅದರ ಒಂದು ಭಾಗಕ್ಕೆ ಇಂಗ್ಲಿಷ್ ಮಾತು ಹೊಂದಿಸಬಹುದು, ಆದರೆ ಅದು ಧಾರ್ಮಿಕ ಸಾಹಿತ್ಯಕ್ಕೆ ಎಂದಿಗೂ ಒಗ್ಗದು ಎಂಬರ್ಥದಲ್ಲಿ ಅವರೇ ತಮ್ಮ ಪ್ರಕಾಶಕರಿಗೆ ಬರೆದಿದ್ದರು. 1855ರಲ್ಲಿ ವಿಲಿಯಂ ಕಮಿಂಗ್ಸ್ ಎಂಬ ತರುಣ ಆರ್ಗನ್ ವಾದಕ ಆ ಮಟ್ಟನ್ನೂ ವೆಸ್ಲಿಯ ಪದ್ಯವನ್ನೂ ಕೂಡಿಸಿದ. ಅಷ್ಟು ಹೊತ್ತಿಗೆ ಆಕ್ಷೇಪಿಸಲು ಇಬ್ಬರೂ ಬದುಕಿರಲಿಲ್ಲ. ಕರ್ತೃಗಳ ಇಚ್ಛೆಗೆ ನಡೆದಿದ್ದರೆ ಈ ಹಾಡೇ ಇರುತ್ತಿರಲಿಲ್ಲ.

'ಜಾಯ್ ಟು ದ ವರ್ಲ್ಡ್' ಹಾಡಿಗೂ ಇಂಥದೇ ಕಥೆ. ಐಸಾಕ್ ವಾಟ್ಸ್ 1719ರಲ್ಲಿ ಬರೆದದ್ದು ಬೈಬಲ್ಲಿನ 98ನೇ ಕೀರ್ತನೆಯ ಭಾವಾನುವಾದ. ಅದರಲ್ಲಿ ಗೋದಲಿಯಿಲ್ಲ, ಕುರುಬರಿಲ್ಲ, ಕ್ರಿಸ್ತನ ಜನನದ ಪ್ರಸ್ತಾಪವೇ ಇಲ್ಲ. ಅಮೆರಿಕದ ಲೋವೆಲ್ ಮೇಸನ್ 1830ರ ದಶಕದಲ್ಲಿ ಅದಕ್ಕೆ ಹೊಂದಿಸಿದ ಮಟ್ಟಿನ ಮೊದಲ ಎಂಟು ಸ್ವರಗಳನ್ನು ಸಂಗೀತ ಕಲಿತ ಕನ್ನಡಿಗರು ಒಮ್ಮೆ ಗುನುಗಿಕೊಂಡು ನೋಡಬೇಕು: ಸ ನಿ ದ ಪ ಮ ಗ ರಿ ಸ. ಶಂಕರಾಭರಣದ ಅವರೋಹಣ, ಒಂದು ಸ್ವರವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇಷ್ಟರಿಂದ ಒಂದು ಅಮರ ಹಾಡು ಕಟ್ಟಬಹುದೆಂದು ನನ್ನ ಸಂಗೀತದ ಮೇಡಂ ಹೇಳಿದ್ದರೆ ಆ ಕಾಲದಲ್ಲಿ ನಾನು ನಂಬುತ್ತಿರಲಿಲ್ಲ.

'ಜಿಂಗಲ್ ಬೆಲ್ಸ್' ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಡಿಸೆಂಬರ್ ಇಡೀ ಬೆಂಗಳೂರಿನ ಮಾಲ್‌ಗಳಲ್ಲಿ ಅದನ್ನು ಕೇಳಿ ಕೇಳಿ ಕಿವಿ ಸೋತಿದೆ. ಆದರೂ ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಪ್ರಕಟಿಸಿದ ಆ ಹಾಡಿನಲ್ಲಿ ಕ್ರಿಸ್‌ಮಸ್ ಎಂಬ ಮಾತೇ ಇಲ್ಲ ಎಂಬುದನ್ನೂ, ಅದು ಮೊದಲು ಕೇಳಿಬಂದದ್ದು ಬಾಸ್ಟನ್ನಿನಲ್ಲಿ, ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ರಂಗಪ್ರದರ್ಶನದಲ್ಲಿ ಎಂಬುದನ್ನೂ ಹೇಳದೆ ಬಿಡಬಾರದು. ಕುದುರೆ ಕಟ್ಟಿದ ಹಿಮಗಾಡಿಯಲ್ಲಿ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ಮೋಜಿಗೆ ಹೊರಡುವ ಪಡ್ಡೆ ಹಾಡು ಅದು. 1965ರ ಡಿಸೆಂಬರ್ 16ರಂದು ಜೆಮಿನಿ 6 ನೌಕೆಯಲ್ಲಿದ್ದ ಇಬ್ಬರು ಗಗನಯಾತ್ರಿಗಳು ಕದ್ದು ಒಯ್ದಿದ್ದ ಪುಟ್ಟ ಮೌತ್ ಆರ್ಗನ್ ಮತ್ತು ಗೆಜ್ಜೆಗಳಿಂದ ಇದನ್ನು ನುಡಿಸಿದ್ದರಿಂದ, ಬಾಹ್ಯಾಕಾಶದಲ್ಲಿ ನುಡಿಸಿದ ಮೊದಲ ಹಾಡೆಂಬ ಕೀರ್ತಿಯೂ ಅದಕ್ಕೇ ಸಂದಿದೆ.

20ನೇ ಶತಮಾನದ ಹಾಡುಗಳಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗುವುದು 'ವೈಟ್ ಕ್ರಿಸ್‌ಮಸ್' ಕಡೆಗೆ. ಅದನ್ನು ಕಟ್ಟಿದ ಇರ್ವಿಂಗ್ ಬರ್ಲಿನ್ ಕ್ರೈಸ್ತರಲ್ಲ. ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ಐದನೆಯ ವಯಸ್ಸಿನಲ್ಲಿ ಹೆತ್ತವರೊಂದಿಗೆ ನ್ಯೂಯಾರ್ಕಿಗೆ ಬಂದಿಳಿದ ಯೆಹೂದಿ; ತಂದೆ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಹಾಡುತ್ತಿದ್ದವರು. ಬರ್ಲಿನ್‌ಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ, ಪಿಯಾನೋದ ಕಪ್ಪು ಮನೆಗಳ ಮೇಲೆಯೇ ಹೆಚ್ಚಾಗಿ ನುಡಿಸುತ್ತಿದ್ದರು, ಹೊಳೆದದ್ದನ್ನು ಸಹಾಯಕರಿಂದ ಬರೆಸುತ್ತಿದ್ದರು. ಅವರ ಪಾಲಿಗೆ ಡಿಸೆಂಬರ್ 25 ಹಬ್ಬದ ದಿನವೂ ಆಗಿರಲಿಲ್ಲ. 1928ರ ಅದೇ ದಿನ ಅವರ ಹಸುಗೂಸು ತೀರಿಕೊಂಡಿತ್ತು. ಗಾಯಕ ಬಿಂಗ್ ಕ್ರಾಸ್ಬಿ ಈ ಹಾಡನ್ನು ರೇಡಿಯೋದಲ್ಲಿ ಮೊದಲು ಹಾಡಿದ್ದು 1941ರ ಕ್ರಿಸ್‌ಮಸ್ ದಿನ, ಎಂದರೆ ಪರ್ಲ್ ಹಾರ್ಬರ್ ದಾಳಿಯಾಗಿ ಮೂರು ವಾರವೂ ಕಳೆಯುವ ಮುನ್ನ. ಧ್ವನಿಮುದ್ರಣವಾದದ್ದು 1942ರ ಮೇ 29ರಂದು, ಹಿಮದ ಸುಳಿವೂ ಇಲ್ಲದ ಲಾಸ್ ಏಂಜಲೀಸಿನಲ್ಲಿ.

ಮೂಲದಲ್ಲಿ ಈ ಹಾಡಿಗೆ ಒಂದು ಪೀಠಿಕೆಯ ಚರಣವಿತ್ತು. ಹಸಿರು ಹುಲ್ಲು, ಕಿತ್ತಳೆ, ತಾಳೆ ಮರಗಳ ನಡುವೆ ಬಿಸಿಲಿನಲ್ಲಿ ಕುಳಿತವನೊಬ್ಬ, ಬೆವರ್ಲಿ ಹಿಲ್ಸ್‌ನಲ್ಲಿ ಇಂಥ ಡಿಸೆಂಬರ್ ದಿನವೇ ಎಂದು ನಗೆಯಾಡಿ, ಉತ್ತರದ ಹಿಮವನ್ನು ನೆನೆಯುವ ಚರಣ. ಅದಿದ್ದಾಗ ಹಾಡು ಹಾಲಿವುಡ್ಡಿನ ಶ್ರೀಮಂತನ ಹುಸಿಮುನಿಸು. ಬರ್ಲಿನ್ ಅದನ್ನು ತಾವೇ ತೆಗೆಸಿಹಾಕಿದರು, ತೆಗೆಸಿದ್ದು ಸರಿಯೆಂದೇ ನನ್ನ ಎಣಿಕೆ. ಪೀಠಿಕೆ ಹೋದ ಮೇಲೆ ಯಾರು, ಎಲ್ಲಿಂದ ಈ ಕನಸು ಕಾಣುತ್ತಿದ್ದಾರೆ ಎಂಬುದೇ ಉಳಿಯಲಿಲ್ಲ. ಪೆಸಿಫಿಕ್ ದ್ವೀಪಗಳ ಕೆಸರಿನಲ್ಲಿದ್ದ, ಉತ್ತರ ಆಫ್ರಿಕದ ಮರಳಿನಲ್ಲಿದ್ದ ಸೈನಿಕರು ಆ ಖಾಲಿ ಜಾಗದಲ್ಲಿ ತಮ್ಮನ್ನು ಇಟ್ಟುಕೊಂಡರು. ಸೈನ್ಯದ ರೇಡಿಯೋಗೆ ಈ ಹಾಡಿಗಾಗಿ ಕೋರಿಕೆಗಳು ಮುಗಿಬಿದ್ದವು. ಗ್ರಾಮಫೋನ್ ತಟ್ಟೆಯ ಮೂಲ ಅಚ್ಚುಗಳು ಸವೆದುಹೋದದ್ದರಿಂದ ಕ್ರಾಸ್ಬಿ 1947ರಲ್ಲಿ ಅದನ್ನು ಮತ್ತೊಮ್ಮೆ ಹಾಡಿ ಮುದ್ರಿಸಬೇಕಾಯಿತು. ನಾವು ಇಂದು ಕೇಳುವುದು ಸಾಮಾನ್ಯವಾಗಿ ಆ ಎರಡನೆಯದನ್ನು. ಕ್ರಾಸ್ಬಿಯ ಧ್ವನಿಯಲ್ಲಿಯೇ ಸುಮಾರು 5 ಕೋಟಿ ಪ್ರತಿಗಳು ಮಾರಾಟವಾಗಿವೆ ಎಂಬ ಅಂದಾಜಿದ್ದು, ಗಿನ್ನೆಸ್ ದಾಖಲೆಯ ಪ್ರಕಾರ ಅದೇ ಲೋಕದ ಅತಿ ಹೆಚ್ಚು ಮಾರಾಟವಾದ ಬಿಡಿಹಾಡು. ಅದೇ ಲಾಸ್ ಏಂಜಲೀಸಿನಲ್ಲಿ 1945ರ ಜುಲೈ ಸೆಕೆಯಲ್ಲಿ ತಂಪನ್ನು ನೆನೆಸಿಕೊಂಡಾದರೂ ಬದುಕೋಣವೆಂದು ಹುಟ್ಟಿದ ಹಾಡುಗಳಲ್ಲಿ 'ದ ಕ್ರಿಸ್‌ಮಸ್ ಸಾಂಗ್' ಕೂಡ ಒಂದು, 'ಲೆಟ್ ಇಟ್ ಸ್ನೋ' ಇನ್ನೊಂದು. ಹಿಮದ ಹಾಡುಗಳ ತವರು ಬಿಸಿಲೂರು.

ಧ್ವನಿಮುದ್ರಣ ಬಂದ ಮೇಲೆ ಹಾಡನ್ನು ಹೊರುವವರು ಬದಲಾದರು. ಕೈಗವಸಿನ ವ್ಯಾಪಾರಿ ಹೊತ್ತಾಗ ಸ್ವರ ಸವೆಯುತ್ತಿತ್ತು, ಚರಣ ಉದುರುತ್ತಿತ್ತು. ಗ್ರಾಮಫೋನ್ ತಟ್ಟೆಯೂ ಮೊಬೈಲ್ ಫೋನೂ ಹೊತ್ತಾಗ ಅದೇ ದನಿ, ಅದೇ ಉಸಿರು ಪ್ರತಿ ಡಿಸೆಂಬರಿನಲ್ಲಿ ಹಾಗೆಯೇ ಮರಳುತ್ತದೆ. 1958ರಲ್ಲಿ ಹದಿಮೂರರ ಹುಡುಗಿಯಾಗಿದ್ದಾಗ ಬ್ರೆಂಡಾ ಲೀ ಹಾಡಿ ಮುದ್ರಿಸಿದ 'ರಾಕಿನ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ' ಜನಪ್ರಿಯ ಹಾಡುಗಳ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದದ್ದು 2023ರಲ್ಲಿ, ಆಕೆಗೆ ಎಪ್ಪತ್ತೆಂಟು ತುಂಬಿದ್ದಾಗ. ಗಾಯಕಿ ಮರಾಯಾ ಕ್ಯಾರಿಯ 1994ರ ಕ್ರಿಸ್‌ಮಸ್ ಹಾಡು ಅದೇ ಸ್ಥಾನ ತಲುಪಲು ಇಪ್ಪತ್ತೈದು ವರ್ಷ ತೆಗೆದುಕೊಂಡಿತು. ಹನ್ನೊಂದು ತಿಂಗಳು ಯಾರೂ ಕೇಳದ ಹಾಡಿಗೆ ಹಳತಾಗುವ ಅವಕಾಶವೇ ಇಲ್ಲ. ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯಂತೆ ಅದನ್ನು ಅಟ್ಟದಿಂದ ವರ್ಷಕ್ಕೊಮ್ಮೆ ಇಳಿಸುತ್ತಾರೆ, ರುಚಿ ನೋಡಿ ಮತ್ತೆ ಮುಚ್ಚಿಡುತ್ತಾರೆ. ಜೊತೆಗೆ, ಒಂದು ಮನೆಯಲ್ಲಿ ಅಜ್ಜಿಗೂ ಮೊಮ್ಮಗುವಿಗೂ ಒಟ್ಟಿಗೆ ಬರುವ ಹಾಡುಗಳು ಇಂದು ಬೇರೆ ಎಷ್ಟಿವೆ?

ನಮ್ಮ ಕರಾವಳಿಗೆ ಹಾಡುಗಳನ್ನು ಹೊತ್ತು ತಂದವರ ಕಥೆಯನ್ನು ಹೇಳದಿದ್ದರೆ ನನ್ನ ಗೋಡೆಯಾಚೆಯ ಹಾಡಿನ ಲೆಕ್ಕ ಪೂರ್ತಿಯಾಗದು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಅವರ ಹಿಂದೆ ಮೋಗ್ಲಿಂಗ್, ವೈಗ್ಲೆ, ಕಿಟ್ಟೆಲ್ ಮೊದಲಾದವರು ಬಂದರು. ಅಚ್ಚುಕೂಟ, ಹೆಂಚಿನ ಕಾರ್ಖಾನೆ, 'ಮಂಗಳೂರ ಸಮಾಚಾರ' ಪತ್ರಿಕೆ, ಕಿಟ್ಟೆಲರ ನಿಘಂಟು ಇವೆಲ್ಲ ಕನ್ನಡಿಗರಿಗೆ ಪರಿಚಿತ. ಅಷ್ಟು ಪರಿಚಿತವಲ್ಲದ್ದು ಅವರು ಜರ್ಮನ್ ಪ್ರಾರ್ಥನಾಗೀತೆಗಳ ಮಟ್ಟುಗಳಿಗೆ ಕನ್ನಡದ, ತುಳುವಿನ ಮಾತುಗಳನ್ನು ಹೊಂದಿಸಿದ ಕೆಲಸ. ಕಿಟ್ಟೆಲರಂತೂ 1862ರ 'ಕಥಾಮಾಲೆ'ಯಲ್ಲಿ ವಿರುದ್ಧ ದಿಕ್ಕಿನಿಂದ ನಡೆದು, ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದರು. ಜರ್ಮನ್ ಪದಗಳ ಉಚ್ಚಾರದ ಒತ್ತಿಗೆ ಕಟ್ಟಿದ ಮಟ್ಟಿನೊಳಗೆ ಕನ್ನಡದ ಉದ್ದುದ್ದ ಪದಗಳನ್ನು ಕೂರಿಸುವುದು ಸುಲಭವಲ್ಲ. ಕೆಲವು ಕಡೆ ಪದ ಮುರಿದು ಅರ್ಧ ಈ ಸಾಲಿನಲ್ಲಿ, ಅರ್ಧ ಆ ಸಾಲಿನಲ್ಲಿ ಬೀಳುತ್ತದೆ. ಆದರೆ ಐದಾರು ತಲೆಮಾರು ಹಾಡಿದ ಮೇಲೆ ಆ ಮುರಿತಗಳೂ ನಯವಾಗಿವೆ. ಟೀಚರ್ ಅವನ್ನು ಉಸಿರು ತೆಗೆದುಕೊಳ್ಳುವ ಜಾಗಗಳೆಂದೇ ಹುಡುಗರಿಗೆ ಹೇಳಿಕೊಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಕ್ರಿಸ್‌ಮಸ್ ಮುಂಚಿನ ವಾರದಲ್ಲಿ ಮಂಗಳೂರಿಗೆ ಹೋದಾಗ ಅವರನ್ನು ನೋಡಲು ಹೋಗಿದ್ದೆ. ಕೇಕು, ಕರ್ಜಿಕಾಯಿಯ ತಟ್ಟೆ ಮುಂದಿಟ್ಟು ಕುಳಿತ ಅವರಿಗೆ ಓಬರ್ನ್‌ಡೋರ್ಫಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಬುರುಡೆಯ ವಿಷಯಕ್ಕೆ ಅವರು ಬೆಚ್ಚಲಿಲ್ಲ. ಗಿಟಾರಿನ ವಿಷಯಕ್ಕೆ ಬೆಚ್ಚಿದರು.

"ಗಿಟಾರಾ? ಚರ್ಚಿನ ಒಳಗೆ?"

"ಹೌದು ಟೀಚರ್."

"ಪಾದ್ರಿಯೇ ಬಾರಿಸಿದ್ದಾ ಮಗಾ?"

"ಪಾದ್ರಿಯೇ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ರಾತ್ರಿ ಹುಡುಗರು ಬಂದರು. ಟೀಚರ್ ಎಂದಿನಂತೆ ಹಾರ್ಮೋನಿಯಂ ತರಿಸಿ ಮುಂದೆ ಇಟ್ಟುಕೊಂಡರು. ಮೊದಲ ಚರಣವನ್ನು ಗಿಟಾರಿಗೆ ಬಿಟ್ಟುಕೊಟ್ಟು, ಕೈಕಟ್ಟಿ ಕೇಳಿದರು. ಎರಡನೆಯ ಚರಣ ಶುರುವಾಗುವಷ್ಟರಲ್ಲಿ ತಡೆಯಲಾಗಲಿಲ್ಲವೆಂದು ಕಾಣುತ್ತದೆ, ತಿದಿ ಎಳೆದು ತಮ್ಮ ಶ್ರುತಿಯಲ್ಲಿಯೇ ಸೇರಿಕೊಂಡರು.